ಸಂಪಾದಕರ ಉತ್ತರ: ಪೇಟಿ ಮಾಸ್ತರರ ಮನೆಯಿಂದ ಬಂದ ಪತ್ರ

ಬಂಕಾಪುರದ ಕಡೆಯಿಂದ ಒಬ್ಬ ಅಕ್ಕಾವರು, ಪೇಟಿ ಅಂದರೆ ಹಾರ್ಮೋನಿಯಂ ನುಡಿಸುವ ಮಾಸ್ತರರೊಬ್ಬರ ಹೆಂಡತಿ, ನೋಟ್‌ಬುಕ್ಕಿನ ನಾಲ್ಕು ಹಾಳೆ ತುಂಬ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಹಿಂದೂಸ್ತಾನಿ ಗವಾಯಿ ಪಂಡಿತ ಮಲ್ಲಿಕಾರ್ಜುನ ಮನಸೂರರ ಕುರಿತ ಲೇಖನಕ್ಕೆ ನಾವು ಕೊಟ್ಟ ತಲೆಬರಹ ‘ಅರವತ್ತರ ಹೊಸ್ತಿಲಲ್ಲಿ ಹೆಸರು ಬಂದ ಗವಾಯಿ’. ಅದರ ಮೇಲೆ ಅವರಿಗೆ ಸಿಟ್ಟು. ಪತ್ರದ ಎರಡು ತುಣುಕು ಮಾತ್ರ ಇಲ್ಲಿ ಕೊಡುತ್ತೇನೆ.

“ನಮ್ಮಪ್ಪ ಹೊಲದಿಂದ ಬಂದು ರೇಡಿಯೊ ಹಚ್ಚತಿದ್ರು. ಧಾರವಾಡ ಸ್ಟೇಶನ್ನಿನಾಗ ಮನಸೂರ ಅವರ ಹಾಡು ಬಂತಂದ್ರ ಮನಿ ಮಂದಿಯೆಲ್ಲ ಗಪ್‌ಚಿಪ್. ನಾನಾಗ ಸಾಲಿ ಹುಡುಗಿ. ಅವರಿಗೆ ಹೆಸರಿರಲಿಲ್ಲ ಅಂತ ನಿಮಗ ಯಾರು ಹೇಳಿದ್ರು?”

ಇನ್ನೊಂದು, ಕೊನೆಯ ಹಾಳೆಯದು: “ನಮ್ಮ ಮನಿಯವರು ನಾಟಕ ಕಂಪನಿಗಳೊಳಗ ಪೇಟಿ ಮಾಸ್ತರ. ಈಗ 67. ನಿಮ್ಮ ಲೇಖನ ಓದಿ, ನಂದೂ ಇನ್ನ ಟೈಮ್ ಐತಿ ಬಿಡು ಅಂತ ನಗತಾರ. ಆ ನಗು ಖರೇನೋ ಸುಳ್ಳೋ ನನಗ ತಿಳೀವಲ್ದು.”

ಅಕ್ಕಾವರೆ, ನಮಸ್ಕಾರ.

ಬೈಗುಳ ಒಪ್ಪಿಕೊಂಡೆ. ಆ ತಲೆಬರಹ ನನ್ನದೇ. ಬರೆದ ಹುಡುಗಿಯದಲ್ಲ. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಮನಸೂರರು ಹುಟ್ಟಿದ್ದು 1910ರ ಡಿಸೆಂಬರ್ 31ಕ್ಕೆ. ಕೂಡಿಸಿ ಕಳೆದು ನೋಡಿದೆ, ಅರವತ್ತು ಅಂತ ಬರೆದೆ. ದಿಲ್ಲಿಯ ಗಡಿಯಾರ ನೋಡಿ ಧಾರವಾಡದ ಹೊತ್ತು ಹೇಳಿದ ಹಾಗಾಯಿತು. ನಿಮ್ಮ ಅಪ್ಪನವರು ರೇಡಿಯೊ ಹಚ್ಚುತ್ತಿದ್ದಾಗ ಬಂಕಾಪುರದಲ್ಲಿ ಅವರಿಗೆ ಹೆಸರಿತ್ತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಮುಂದೆ ಅವರು ಅದೇ ಕೇಂದ್ರಕ್ಕೆ ಸಂಗೀತ ಸಲಹೆಗಾರರೂ ಆಗಿದ್ದರು. ನಮ್ಮ ಭಾಗದ ಎಷ್ಟೋ ಮನೆಗಳಿಗೆ ಅವರ ದನಿ ಪ್ರಶಸ್ತಿಗಿಂತ ಮೊದಲೇ ಬಂದು ಹೋಗಿದೆ.

ಆದರೆ ಪೂರ್ತಿ ಸೋಲನ್ನೂ ಒಪ್ಪಲಾರೆ. ಮುಂಬಯಿ, ಪುಣೆ, ಕೋಲ್ಕತ್ತದ ದೊಡ್ಡ ಕಛೇರಿಗಳಲ್ಲಿ ಜನ ಅವರಿಗಾಗಿ ಕಾದು ಕೂತದ್ದು ತಡವಾಗಿಯೇ. ಯಾಕೆ ತಡವಾಯಿತು ಅನ್ನುವುದನ್ನು ಕಳೆದ ಸಲ ಬರೆಯಲಿಲ್ಲ. ಜಾಗ ಸಾಲಲಿಲ್ಲ ಅನ್ನುವುದು ನೆಪ. ನಾನು ಸರಿಯಾಗಿ ಯೋಚಿಸಿರಲಿಲ್ಲ, ಅದೇ ಖರೆ.

ನಿಮ್ಮ ಮನೆಯವರಿಗೆ ಹೇಳಿ: ಮನಸೂರರೂ ಮೊದಲು ಬಂದದ್ದು ಕಂಪನಿ ನಾಟಕದಿಂದಲೇ. ಧಾರವಾಡದ ಹತ್ತಿರದ ಮನಸೂರು ಅವರ ಊರು. ತಂದೆ ಭೀಮರಾಯಪ್ಪ ಒಕ್ಕಲುತನದವರು, ಊರಿನ ಮುಖ್ಯಸ್ಥರು, ಹಾಡಿನ ಹುಚ್ಚಿದ್ದವರು. ಅಣ್ಣ ಬಸವರಾಜರು ನಾಟಕದಲ್ಲಿದ್ದರು. ಒಂಬತ್ತು ವರ್ಷದ ತಮ್ಮನೂ ಬಣ್ಣ ಹಚ್ಚಿದ. ಪ್ರಹ್ಲಾದ, ಧ್ರುವನಂಥ ಬಾಲಪಾತ್ರಗಳು. ಹಾಡುವ ಹುಡುಗನಿಗೆ ಆ ಕಾಲದ ಪ್ರೇಕ್ಷಕರು ಎಂಥ ಪ್ರೀತಿ ತೋರಿಸುತ್ತಿದ್ದರು ಅನ್ನುವುದು ಪೇಟಿ ಮಾಸ್ತರರಿಗೆ ಗೊತ್ತಿರುತ್ತದೆ. ಆ ಹುಡುಗನ ಹಾಡು ಕೇಳಿದ ನೀಲಕಂಠಬುವಾ ಆಲೂರಮಠರು ಅವನನ್ನು ಮಿರಜಿಗೆ ಕರೆದೊಯ್ದು ಗ್ವಾಲಿಯರ್ ಘರಾಣೆಯ, ಅಂದರೆ ಆ ಗುರುಪರಂಪರೆಯ, ಹಾಡುಗಾರಿಕೆಯ ಪಾಠ ಕೊಟ್ಟರು. ರಂಗದ ಮೇಲಿನ ಹೆಸರು ಅಲ್ಲಿಗೆ ನಿಂತಿತು. ಅದು ಮೊದಲನೆಯ ಸಲ.

ಎರಡನೆಯದೂ ಇದೆ. 1930ರ ದಶಕದಲ್ಲಿ ಎಚ್‌ಎಂವಿಯವರು ಅವರ ಪ್ಲೇಟುಗಳನ್ನು ತಂದರು. ಇಪ್ಪತ್ತರ ಆಸುಪಾಸಿನ ಹುಡುಗನ ದನಿ ಗ್ರಾಮೊಫೋನಿನಲ್ಲಿ ಬರುವುದು ಆಗ ಸಣ್ಣ ಮಾತಲ್ಲ. ಇವತ್ತಿನ ಲೆಕ್ಕದಲ್ಲಿ ಅವನು ಗೆದ್ದ ಹಾಗೆ. ಇನ್ನೇನು ಬೇಕು, ಅದನ್ನೇ ಹಾಡುತ್ತ ಊರೂರು ತಿರುಗಿದ್ದರೆ ಆಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಮುಂಬಯಿಯಲ್ಲಿ, ಜೈಪುರ-ಅತ್ರೌಲಿ ಘರಾಣೆ ಕಟ್ಟಿದ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಮುಂದೆ ಮತ್ತೆ ಶಿಷ್ಯನಾಗಿ ಕೂತರು. ಪ್ಲೇಟು ಬಂದ ಗವಾಯಿ, ಮತ್ತೆ ಮೊದಲಿನಿಂದ ಕಲಿಯಲು ಕೂತದ್ದು! ಆ ಘರಾಣೆಯ ದಾರಿಯೇ ಬೇರೆ. ಗಂಟಲು ಒಂದು ಚಾಲಿಗೆ ಪಳಗಿದ ಮೇಲೆ ಅದನ್ನು ಇನ್ನೊಂದಕ್ಕೆ ತಿರುಗಿಸುವುದು ಎಷ್ಟು ಕಷ್ಟ ಅಂತ ಹಾಡುವವರನ್ನೇ ಕೇಳಬೇಕು. 1937ರಲ್ಲಿ ಮಂಜಿ ಖಾನರು ತೀರಿಕೊಂಡರು. ಪಾಠ ಅರ್ಧಕ್ಕೇ ನಿಂತಿತು. ಆಗಲಾದರೂ ಸಾಕು ಅನ್ನಬಹುದಿತ್ತು. ಮಂಜಿ ಖಾನರ ತಮ್ಮ ಬುರ್ಜಿ ಖಾನರ ಹತ್ತಿರ ಮುಂದುವರಿಸಿದರು.

ಅದಕ್ಕೇ ಹೇಳುವುದು, ಈ ತಡವನ್ನು ಅವರೇ ತಂದುಕೊಂಡರು. ಕೈಗೆ ಬಂದ ಹೆಸರನ್ನು ಎರಡು ಸಲ ಬದಿಗಿಟ್ಟು ಕಲಿಯಲು ಹೋದರು. ‘ಹೆಸರು ತಡವಾಗಿ ಬಂತು’ ಅಂತ ಬರೆದಾಗ ಪಾಪ ಯಾರೂ ಗುರುತಿಸಲಿಲ್ಲ ಅನ್ನುವ ದನಿ ಅದರಲ್ಲಿ ಸೇರಿಕೊಳ್ಳುತ್ತದೆ. ನಾನು ತಪ್ಪಿದ್ದು ಅಲ್ಲಿ.

ಹಾಗಂತ ಕೇಳುವವರ ಪಾಲೂ ಇದೆ. ನನ್ನದನ್ನೇ ಹೇಳುತ್ತೇನೆ. ಚಿಕ್ಕವನಿದ್ದಾಗ ರೇಡಿಯೊದಲ್ಲಿ ಅವರ ಹಾಡು ಬಂದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ನಿಮ್ಮ ಮನೆಯ ಶಿಸ್ತು ನಮ್ಮಲ್ಲಿರಲಿಲ್ಲ. ಬೇರೆ ಗವಾಯಿಗಳು ನಿಧಾನ ಆಲಾಪ ಮಾಡಿ ನಮ್ಮನ್ನು ಕೂಡಿಸಿ, ಮೆಲ್ಲಗೆ ರಾಗದೊಳಗೆ ಬಿಡುತ್ತಾರೆ. ಇವರದು ಹಾಗಲ್ಲ. ಬಂದವರೇ ಚೀಜಿಗೆ, ಅಂದರೆ ತಾಳದ ಹಾಡಿಗೆ, ಕೈ ಹಾಕುತ್ತಾರೆ. ತಬಲಾ ಶುರುವಾಯಿತು ಅಂದರೆ ಸ್ವರಗಳು ಒಂದರೊಳಗೊಂದು ಹೆಣೆದುಕೊಂಡು ಓಡುತ್ತವೆ, ತಿರುಗಿ ತಿರುಗಿ ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಬಂದು ಬೀಳುತ್ತವೆ. ನಡುವೆ ಉಸಿರಾಡಲು ನಮಗೇ ಜಾಗ ಇಲ್ಲ. ರಾಗಗಳಾದರೂ ಗುರುತಿನವೇ? ಶಿವಮತ ಭೈರವ, ಬಹಾದುರಿ ತೋಡಿ, ಏಕ ನಿಷಾದ ಬಿಹಾಗಡಾ. ಹೆಸರು ಕೇಳಿಯೇ ಅರ್ಧ ಸಭೆ ಹೆದರಬೇಕು. ನನಗೆ ಆ ಹಾಡು ಹಿಡಿಯಲು ನಲವತ್ತು ವರ್ಷ ಆಗಬೇಕಾಯಿತು. ಈಗ ಬೆಳಿಗ್ಗೆ ಅದನ್ನೇ ಹಚ್ಚುತ್ತೇನೆ. ಮನೆಯಲ್ಲಿ ಮಗಳು ಎದ್ದು ಹೊರಗೆ ಹೋಗುತ್ತಾಳೆ.

ಊರಿನ ವಿಚಾರವೂ ಇದೆ. ಗದಗ ಸೀಮೆಯ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿದರು. ಬೆಳಗಾವಿ ಕಡೆಯ ಕುಮಾರ ಗಂಧರ್ವರಿಗೆ ಹನ್ನೊಂದರ ವಯಸ್ಸಿಗೇ ಮುಂಬಯಿಯಲ್ಲಿ ಹೆಸರಾಗಿತ್ತು. ಮನಸೂರರು ನೆಲೆಸಿದ್ದು ಧಾರವಾಡದಲ್ಲೇ. ಮುಂಬಯಿಯ ಸಂಘಟಕನಿಗೆ ಧಾರವಾಡ ಒಂದು ರಾತ್ರಿಯ ರೈಲು ದೂರ, ಅಷ್ಟು ಸಾಕಲ್ವಾ ಮರೆಯಲು? ಅವರ ಘರಾಣೆಯಲ್ಲೇ ಕೇಸರಬಾಯಿ ಕೇರಕರ್ ಅವರಂಥ ದೊಡ್ಡವರು ಮೊದಲೇ ಸಭೆ ತುಂಬಿಕೊಂಡಿದ್ದರು. 1960ರ ದಶಕದಲ್ಲಿ ಕೇಸರಬಾಯಿಯವರು ಹಾಡುವುದು ಬಿಟ್ಟರು. ಆ ಅಪರೂಪದ ರಾಗಗಳನ್ನು ಈಗ ಯಾರ ಬಾಯಲ್ಲಿ ಕೇಳುವುದು ಅಂತ ಜನ ತಿರುಗಿ ನೋಡಿದಾಗ ಧಾರವಾಡದಲ್ಲಿ ಒಬ್ಬರು ಕೂತಿದ್ದರು ಅನ್ನುವುದು ನನ್ನ ಊಹೆ. ಆಮೇಲೆ ಇಪ್ಪತ್ತು ವರ್ಷ ಅವರು ಹಾಡಿದ್ದು ಈಗ ಎಲ್ಲರಿಗೂ ಗೊತ್ತು. ಕಛೇರಿಯಲ್ಲಿ ಕನ್ನಡ ವಚನಗಳನ್ನೂ ಹಾಡುತ್ತಿದ್ದರು, ಕನ್ನಡ ಬಾರದವರ ಮುಂದೆ ಕೂಡ. 1992ರ ಸೆಪ್ಟೆಂಬರ್ 12ಕ್ಕೆ ಧಾರವಾಡದಲ್ಲೇ ತೀರಿಕೊಂಡರು. ಅವರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ಮನೆಯವರನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ.

ಇನ್ನು ನಿಮ್ಮವರ ನಗು. ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ‘ತಡವಾದರೂ ಬರುತ್ತದೆ’ ಅಂತ ಬರೆದರೆ ಸುಳ್ಳು ಬರೆದಂತೆ. ಹಾನಗಲ್ ತಾಲೂಕಿನ ದೇವಗಿರಿಯಲ್ಲಿ, ಅಂದರೆ ನಿಮ್ಮದೇ ಜಿಲ್ಲೆಯಲ್ಲಿ ಹುಟ್ಟಿದ ಪುಟ್ಟಯ್ಯಜ್ಜನವರನ್ನು, ಪುಟ್ಟರಾಜ ಗವಾಯಿಗಳನ್ನು, ನೋಡಿ. ಗದುಗಿನ ಆಶ್ರಮ ನಡೆಸಿ, ಅಲ್ಲಿನ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ಕಟ್ಟಿ, ಪದ್ಮಭೂಷಣ ಬಂದಾಗ ಇಸವಿ 2010. ಅಜ್ಜನವರಿಗೆ 96 ಆಗುವುದಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವರಿಗೇ ಹೀಗಾದರೆ ಪೇಟಿ ಮಾಸ್ತರರ ಪಾಡು ಏನು?

ಪೇಟಿ ಮಾಸ್ತರರ ಕೆಲಸವೇ ಹಾಗಲ್ವಾ. ರಂಗದ ಮುಂದೆ, ಜನರಿಗೆ ಬೆನ್ನು ಹಾಕಿ ಕೂತಿರುತ್ತಾರೆ. ಯಾವ ನಟನ ಶ್ರುತಿ ಕರಿ ಎರಡು, ಯಾರಿಗೆ ಇವತ್ತು ಗಂಟಲು ಕಟ್ಟಿದೆ, ಯಾರು ಮಾತು ಮರೆತು ಹಾಡಿಗೆ ಕೈ ಚಾಚುತ್ತಿದ್ದಾರೆ, ಎಲ್ಲ ಅವರಿಗೇ ಗೊತ್ತು. ನಟ ತಪ್ಪಿದರೆ ಎರಡು ಸ್ವರ ಒತ್ತಿ ದಡಕ್ಕೆ ತರುತ್ತಾರೆ. ಚಪ್ಪಾಳೆ ನಟನಿಗೆ. ಹ್ಯಾಂಡ್‌ಬಿಲ್ಲಿನಲ್ಲಿ ಇವರ ಹೆಸರು ಎಲ್ಲರಿಗಿಂತ ಕೆಳಗೆ, ಟಿಕೆಟ್ ದರದ ಪಕ್ಕ. ಇದರಲ್ಲಿ ಹೆಸರು ತಡವಾಗುವ ಮಾತೇ ಇಲ್ಲ. ಆ ಜಾಗಕ್ಕೆ ಬೆಳಕನ್ನೇ ಬಿಟ್ಟಿಲ್ಲ. ಅವರ ನಗು ಖರೆ ಇರಬಹುದು, ಸುಳ್ಳೂ ಇರಬಹುದು. ಒಂದು ದಿನ ಎರಡೂ ಇರುತ್ತದೆ.

ನಡುವೆ ಒಂದು ವ್ಯವಹಾರದ ಮಾತು, ತಪ್ಪು ತಿಳಿಯಬೇಡಿ. 58 ದಾಟಿದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ. ನಿಮ್ಮವರು ಅರ್ಜಿ ಹಾಕಿದ್ದಾರೋ ಇಲ್ಲವೋ ನೀವು ಬರೆದಿಲ್ಲ. ಹಾಕಿಲ್ಲವಾದರೆ ಹಾವೇರಿಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಕಲಾವಿದ ಅನ್ನುವುದಕ್ಕೆ ದಾಖಲೆ ಕೇಳುತ್ತಾರೆ. ಆಗ ಕೆಲಸಕ್ಕೆ ಬರುವುದು ನೀವು ಟ್ರಂಕಿನಲ್ಲಿ ಇಟ್ಟಿದ್ದೀರಿ ಅಂತ ಬರೆದ ಆ ಹಳೆಯ ಹ್ಯಾಂಡ್‌ಬಿಲ್ಲುಗಳೇ.

ಅವುಗಳನ್ನು ನಮಗೆ ಕಳಿಸಬೇಕೋ ಅಂತ ಕೇಳಿದ್ದೀರಿ. ದಯವಿಟ್ಟು ಅಂಚೆಗೆ ಹಾಕಬೇಡಿ, ಹಳೆಯ ಕಾಗದ, ಮಡಿಕೆಯಲ್ಲೇ ಹರಿದುಹೋಗುತ್ತದೆ. ಬರುವ ತಿಂಗಳು ಒಂದು ಭಾನುವಾರ ನಾನೂ ನಮ್ಮ ಫೋಟೊದ ಹುಡುಗನೂ ಬರುತ್ತೇವೆ. ಊಟದ ಗದ್ದಲ ಬೇಡ, ಚಹಾ ಸಾಕು. ಮಾಸ್ತರರಿಗೆ ಪೇಟಿ ಹೊರಗೆ ತೆಗೆದಿಡಲು ಹೇಳಿ.