ಯೇಲ್ ಕೊಡುವುದು ಕಂದಾಯವಲ್ಲ, ಕಾಣಿಕೆ

ಶಿವಮೊಗ್ಗದ ಓದುಗರೊಬ್ಬರ ಪತ್ರ: "ನನ್ನ ಅಕ್ಕನ ಮಗ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಅಲ್ಲಿ 'ಯೇಲ್, ನ್ಯೂ ಹೇವನ್ನಿಗೆ ಮರ್ಯಾದೆ ಕೊಡು' ಅಂತ ಬೋರ್ಡು ಹಾಕಿದ್ದಾರಂತೆ. ಅಂಥ ವಿಶ್ವವಿದ್ಯಾಲಯ ಇರುವುದೇ ಆ ಊರಿನ ಪುಣ್ಯ. ಅಲ್ಲಿನ ಪುಢಾರಿಗಳಿಗೆ ಯಾಕಿಷ್ಟು ಹೊಟ್ಟೆಕಿಚ್ಚು?"

ಸಂಪಾದಕರ ಉತ್ತರ: ಹೊಟ್ಟೆಕಿಚ್ಚಲ್ಲ ಸ್ವಾಮಿ, ಇದು ಕಂದಾಯದ ಜಗಳ.

ನ್ಯೂ ಹೇವನ್ ಇರುವ ಕನೆಕ್ಟಿಕಟ್ ರಾಜ್ಯದಲ್ಲಿ ಮಾರಾಟ ತೆರಿಗೆ, ವರಮಾನ ತೆರಿಗೆ ಎಲ್ಲ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಊರುಗಳ ಕೈಗೆ ಉಳಿಯುವುದು ಮುಖ್ಯವಾಗಿ ಆಸ್ತಿ ತೆರಿಗೆ. ಶಾಲೆ, ಪೊಲೀಸು, ರಸ್ತೆ ಎಲ್ಲಕ್ಕೂ ಅದೇ ಆಧಾರ. ಆದರೆ ನ್ಯೂ ಹೇವನ್ನಿನ ಆಸ್ತಿಗಳ ಬೆಲೆ ಕಟ್ಟಿದರೆ, ಅರ್ಧಕ್ಕಿಂತ ಜಾಸ್ತಿ ಭಾಗಕ್ಕೆ ತೆರಿಗೆಯೇ ಇಲ್ಲ. ಸರ್ಕಾರಿ ಕಟ್ಟಡ, ಚರ್ಚು, ಆಸ್ಪತ್ರೆಗಳೂ ಇದರಲ್ಲಿವೆ, ನಿಜ. ದೊಡ್ಡ ಪಾಲು ಮಾತ್ರ ಯೇಲ್‌ನದು. ತೆರಿಗೆ ವಿನಾಯಿತಿ ಕೊಡುವ ಅದರ ಹಳೇ ಸನದನ್ನು 1818ರ ರಾಜ್ಯ ಸಂವಿಧಾನದಲ್ಲೇ ಖಾಯಂ ಮಾಡಿಬಿಟ್ಟಿದ್ದಾರೆ. ಮೇಯರ್ ಎಷ್ಟೇ ಗಟ್ಟಿಗರಾದರೂ ಪಾಠ, ಸಂಶೋಧನೆಯ ಕಟ್ಟಡಗಳಿಗೆ ತೆರಿಗೆ ನೋಟಿಸ್ ಕಳಿಸುವಂತಿಲ್ಲ.

ಒಂದು ಕಟ್ಟಡವನ್ನೇ ತೆಗೆದುಕೊಳ್ಳಿ. ಮಾಲೀಕ ವರ್ಷವರ್ಷ ತೆರಿಗೆ ಕಟ್ಟುತ್ತಿದ್ದ. ಯೇಲ್ ಅದನ್ನು ಕೊಂಡು ಪ್ರಯೋಗಾಲಯ ಮಾಡಿತು ಅಂದುಕೊಳ್ಳಿ. ಅಲ್ಲಿಗೆ ಆ ಆಸ್ತಿ ತೆರಿಗೆ ಪಟ್ಟಿಯಿಂದ ಹೊರಗೆ. ಬೆಂಕಿ ಬಿದ್ದರೆ ಓಡಿ ಬರುವುದು ಮಾತ್ರ ಅದೇ ಊರಿನ ಫೈರ್ ಇಂಜಿನ್. ಕಡಿಮೆಯಾದ ದುಡ್ಡು ಪಕ್ಕದ ಬೀದಿಯವರ ತಲೆ ಮೇಲೆ ಬೀಳುತ್ತದೆ. ಬಾಡಿಗೆ ಮನೆಯವರಿಗೂ ಬಿಡುಗಡೆ ಇಲ್ಲ, ಮಾಲೀಕ ಬಾಡಿಗೆಯಲ್ಲೇ ಸೇರಿಸಿಬಿಡುತ್ತಾನೆ. ಇವರೆಲ್ಲ ಚುನಾವಣೆ ಹೊತ್ತಿಗೆ ಹಿಡಿದು ಕೇಳುವುದು ಯೇಲ್ ಅಧ್ಯಕ್ಷರನ್ನಲ್ಲ, ತಮ್ಮ ವಾರ್ಡಿನ ಸದಸ್ಯರನ್ನು. ಸದಸ್ಯರು ಕೂಗಾಡದೆ ಇನ್ನೇನು ಮಾಡುತ್ತಾರೆ?

ಹಾಗಂತ ಯೇಲ್ ಸುಮ್ನೆ ಕೂತಿಲ್ಲ. ತನ್ನ ಅಂಗಡಿ ಮಳಿಗೆಗಳಿಗೆ ಪೂರ್ತಿ ತೆರಿಗೆ ಕಟ್ಟುತ್ತದೆ. ಊರಲ್ಲಿ ಅತಿ ಹೆಚ್ಚು ಜನಕ್ಕೆ ಕೆಲಸ ಕೊಟ್ಟಿರುವುದೂ ಅದೇ. ಅಲ್ಲಿನ ಸರ್ಕಾರಿ ಶಾಲೆಯ ಮಕ್ಕಳು ರಾಜ್ಯದ ಕಾಲೇಜಿಗೆ ಹೋಗಲಿ ಅಂತ 2010ರಿಂದ ವಿದ್ಯಾರ್ಥಿವೇತನಕ್ಕೆ ಹಣ ಕೊಡುತ್ತಿದೆ. ನಗರಸಭೆಗೂ 1990ರ ದಶಕದಿಂದ ಸ್ವಇಚ್ಛೆಯಿಂದ ಒಂದಿಷ್ಟು ಕೊಡುತ್ತಾ ಬಂದಿದೆ. ತಕರಾರು ಇರುವುದೇ ಈ 'ಸ್ವಇಚ್ಛೆ'ಯಲ್ಲಿ. ನಗರಸಭೆ ಕೇಳಬಹುದು, ವಸೂಲಿ ಮಾಡುವಂತಿಲ್ಲ. ದತ್ತಿನಿಧಿ 4,000 ಕೋಟಿ ಡಾಲರ್ ದಾಟಿರುವ ಸಂಸ್ಥೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು ಯಾವ ಮೇಯರ್‌ಗೆ ತಾನೇ ಹಿಡಿಸುತ್ತದೆ? (ಆ ಸಂಸ್ಥೆಗೆ ಹೆಸರು ಬಂದಿದ್ದೂ ಕಾಣಿಕೆಯಿಂದಲೇ. ಮದರಾಸಿನ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಎಲಿಹು ಯೇಲ್ 1718ರಲ್ಲಿ ಕಳಿಸಿದ ಸರಕು ಮಾರಿ ಬಂದದ್ದು 562 ಪೌಂಡು!)

2016ರಲ್ಲಿ ರಾಜ್ಯದ ಶಾಸಕರು ದತ್ತಿನಿಧಿಯ ಮೇಲೇ ತೆರಿಗೆ ಹಾಕಲು ಹೊರಟರು. ಆಗ ಫ್ಲಾರಿಡಾ ಗವರ್ನರ್ ರಿಕ್ ಸ್ಕಾಟ್ "ನಮ್ಮ ರಾಜ್ಯಕ್ಕೆ ಬಂದುಬಿಡಿ" ಅಂತ ಯೇಲ್‌ಗೆ ಕರೆ ಕೊಟ್ಟರು. ಮಸೂದೆ ಬಿದ್ದುಹೋಯಿತು, ಯೇಲ್ ಇದ್ದಲ್ಲೇ ಇದೆ.

ರಾಜಕಾರಣಿಗಳು ಸಾಚಾ ಅಂತಲೂ ನಾನು ಹೇಳುತ್ತಿಲ್ಲ. ಪಿಂಚಣಿ ನಿಧಿಗೆ ದುಡ್ಡು ಸಾಲದಂತೆ ಮಾಡಿಕೊಂಡಿದ್ದು ನಗರಸಭೆಯೇ. ಆ ಹೊರೆಯನ್ನೂ ಯೇಲ್ ತಲೆಗೆ ಕಟ್ಟಿದರೆ ಹೇಗೆ?

2021ರಲ್ಲಿ ಒಂದು ರಾಜಿಯಾಯಿತು. ಆಗಿನ ಮೇಯರ್ ಜಸ್ಟಿನ್ ಎಲಿಕರ್ ಸ್ವತಃ ಯೇಲ್‌ನಲ್ಲಿ ಓದಿದವರು. ಆರು ವರ್ಷಕ್ಕೆ ಒಟ್ಟು ಸುಮಾರು 13.5 ಕೋಟಿ ಡಾಲರ್ ಕೊಡಲು ಯೇಲ್ ಒಪ್ಪಿತು. ನನ್ನ ಪ್ರಕಾರ ನಗರಸಭೆ ನಿಜವಾಗಿ ಗೆದ್ದಿದ್ದು ಇನ್ನೊಂದು ಶರತ್ತಿನಲ್ಲಿ: ಯೇಲ್ ಹೊಸದಾಗಿ ಆಸ್ತಿ ಕೊಂಡು ಅದು ತೆರಿಗೆ ಪಟ್ಟಿಯಿಂದ ಬಿಟ್ಟುಹೋದರೆ, 12 ವರ್ಷದ ತನಕ ಇಳಿಯುವ ಕಂತಿನಲ್ಲಿ ಆ ನಷ್ಟ ತುಂಬಿಕೊಡಬೇಕು. ಆದರೆ ಇದೂ ಬರೀ ಒಪ್ಪಂದ, ಕಾನೂನಲ್ಲ. ಅವಧಿ ಮುಗಿದ ಮೇಲೆ ಯಾರು ಮೇಯರ್ ಆಗಿದ್ದರೂ ಮತ್ತೆ ಹೋಗಿ ಕೇಳಬೇಕು, ಎಷ್ಟು ಅನ್ನುವುದನ್ನು ಯೇಲ್ ಹೇಳಬೇಕು.

– ಸಂ.