ಆಕಾಶ ಮೌನವಾಗಿದ್ದರೆ ನಮ್ಮ ಕಥೆ ಮುಗಿದಂತೆಯೇ?

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಬೇರೆ ಗ್ರಹಗಳಲ್ಲಿ ಬುದ್ಧಿವಂತ ಜೀವಿಗಳಿದ್ದಿದ್ದರೆ ಇಷ್ಟೊತ್ತಿಗೆ ಸುಳಿವು ಸಿಗಬೇಕಿತ್ತು, ಸಿಕ್ಕಿಲ್ಲ ಅಂದರೆ ಮುಂದುವರಿದವರೆಲ್ಲ ತಾವೇ ನಾಶವಾಗಿದ್ದಾರೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ನಮ್ಮ ಗತಿಯೂ ಅಷ್ಟೇನಾ? ಆವತ್ತಿನಿಂದ ಮನಸ್ಸಿಗೆ ಕಸಿವಿಸಿ.
*– ಓದುಗರು, ಸಂಡೂರು, ಬಳ್ಳಾರಿ ಜಿಲ್ಲೆ*

ಉತ್ತರ: ಅಷ್ಟೇ ಎಂದು ಹೇಳಲು ಯಾರ ಹತ್ತಿರವೂ ಪುರಾವೆ ಇಲ್ಲ. ಮೊದಲು ಸಮಾಧಾನ ಮಾಡಿಕೊಳ್ಳಿ.

ಇದು ಹಳೆಯ ಪ್ರಶ್ನೆ. 1950ರಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಸಹೋದ್ಯೋಗಿಗಳ ಜೊತೆ ಊಟಕ್ಕೆ ಕೂತಾಗ 'ಹಾಗಾದರೆ ಎಲ್ಲರೂ ಎಲ್ಲಿದ್ದಾರೆ?' ಎಂದು ಕೇಳಿದ್ದರು. ಹತ್ತು ವರ್ಷದ ನಂತರ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ 26 ಮೀಟರ್ ಅಗಲದ ರೇಡಿಯೋ ದೂರದರ್ಶಕವನ್ನು ಎರಡು ನಕ್ಷತ್ರಗಳ ಕಡೆ ತಿರುಗಿಸಿ ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ. 1977ರಲ್ಲಿ ಓಹಾಯೋದಲ್ಲಿ 72 ಸೆಕೆಂಡು ಒಂದು ಜೋರಾದ ಸಂಕೇತ ಸಿಕ್ಕಿತು. ಎಷ್ಟು ಹುಡುಕಿದರೂ ಅದು ಮತ್ತೆ ಬರಲಿಲ್ಲ.

ಆದರೆ ಹುಡುಕಿದ್ದು ಎಷ್ಟು ಅಂತ ನೋಡಬೇಕಲ್ವಾ? ನಮ್ಮ ಕ್ಷೀರಪಥದಲ್ಲಿ ಕಡಿಮೆ ಅಂದರೂ 10,000 ಕೋಟಿ ನಕ್ಷತ್ರಗಳಿವೆ. ಅದರ ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ನಾವು ರೇಡಿಯೋ ಬಳಸಲು ಶುರು ಮಾಡಿ ನೂರಿಪ್ಪತ್ತು ವರ್ಷದ ಮೇಲೆ ಸ್ವಲ್ಪ ಆಗಿದೆ, ಅಷ್ಟೆ. ಸಂಕೇತ ಸಿಗಬೇಕಾದರೆ ದಿಕ್ಕು, ತರಂಗಾಂತರ, ಹೊತ್ತು ಎಲ್ಲವೂ ಕೂಡಿ ಬರಬೇಕು. ಇಷ್ಟು ಕಡಿಮೆ ಹುಡುಕಿ 'ಯಾರೂ ಇಲ್ಲ' ಎನ್ನುವುದೇ ಅವಸರ. 'ಎಲ್ಲರೂ ಸತ್ತರು' ಎನ್ನುವುದಂತೂ ಇನ್ನೂ ದೊಡ್ಡ ಅವಸರ.

ಮೌನಕ್ಕೆ ಬೇರೆ ಕಾರಣವೂ ಇರಬಹುದು. ಅದನ್ನು ತಿಳಿಯಲು ನೀವು ದೂರ ಹೋಗಬೇಕಿಲ್ಲ. ನಿಮ್ಮ ಊರಿನ ಗಣಿ ಕಡೆ ಸಿಗುವ ಅದಿರಿನ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ. ಕೆಲವು ಕಲ್ಲುಗಳಲ್ಲಿ ಕಪ್ಪು, ಕೆಂಪು ಗೆರೆಗಳು ಒಂದರ ಮೇಲೊಂದು ಸಾಲಾಗಿ ಇರುತ್ತವೆ. ಸಂಡೂರಿನ ಈ ಪದರಗಳು 250 ಕೋಟಿ ವರ್ಷಕ್ಕೂ ಹಳೆಯವು. ಆಗ ಇಲ್ಲಿ ಸಮುದ್ರವಿತ್ತು. ಅದರ ನೀರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯಿತು. ಹಾಗೆ ತುಕ್ಕು ಹಿಡಿಸಿದ್ದರಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಪಾಲು ದೊಡ್ಡದು ಎನ್ನುತ್ತಾರೆ ಭೂವಿಜ್ಞಾನಿಗಳು. ಅಂದರೆ ಜೀವ ಆಗಲೇ ಇತ್ತು. ರೇಡಿಯೋ ಮಾಡುವ ಜೀವಿ ಬಂದದ್ದು ಮಾತ್ರ ತೀರಾ ಮೊನ್ನೆ. ಭೂಮಿಯ ಇತಿಹಾಸದ ಬಹುಪಾಲು ಹೊತ್ತಿನಲ್ಲಿ ಯಾರಾದರೂ ನಮ್ಮ ಕಡೆ ಕಿವಿಯಿಟ್ಟಿದ್ದರೂ ಅವರಿಗೆ ಬರೀ ಮೌನವೇ ಕೇಳುತ್ತಿತ್ತು. ಬೇರೆ ಲೋಕಗಳಲ್ಲೂ ಹೀಗೇ ಇರಬಹುದು. ನನಗೆ ಹೆಚ್ಚು ಒಪ್ಪಿಗೆಯಾಗುವ ಉತ್ತರ ಇದೇ.

ಇನ್ನು ನಮ್ಮ ಉಳಿವಿನ ಮಾತು. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದು ಅದರ ಬೂದಿ ನಮ್ಮ ಕಡೆಗೂ ಬಂದು ಬಿತ್ತು. ಬಳ್ಳಾರಿಯಿಂದ ಪೂರ್ವಕ್ಕೆ, ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಅಗೆದಾಗ ಆ ಬೂದಿಯ ಪದರ ಸಿಕ್ಕಿದೆ. ಅದರ ಕೆಳಗೂ ಕಲ್ಲಿನ ಉಪಕರಣಗಳಿವೆ, ಮೇಲೂ ಅದೇ ಬಗೆಯವು ಇವೆ. ಅಂಥ ಉತ್ಪಾತ ಕಂಡ ಮೇಲೂ ಜನ ಬದುಕು ಕಟ್ಟಿಕೊಂಡಿದ್ದರು.

ಈಗ ನಮ್ಮ ಕೈ ಇನ್ನೂ ಗಟ್ಟಿ. 2022ರಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂತಲೇ ಗುದ್ದಿ, ಅದು ತನ್ನ ದೊಡ್ಡ ಜೊತೆಗಾರ ಕ್ಷುದ್ರಗ್ರಹವನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಗೂ ಜಾಸ್ತಿ ಕಡಿಮೆ ಮಾಡಿತು. ಓಝೋನ್ ಪದರ ತೆಳುವಾಗುತ್ತಿದೆ ಎಂದು ಗೊತ್ತಾದಾಗ ದೇಶಗಳು 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಈಗ ಅದು ಚೇತರಿಸಿಕೊಳ್ಳುತ್ತಿದೆ. ಹಾಗಂತ ಅಪಾಯ ಇಲ್ಲ ಅಂತಲ್ಲ. ಜಗತ್ತಿನಲ್ಲಿ ಇವತ್ತಿಗೂ ಸುಮಾರು 12,000 ಅಣ್ವಸ್ತ್ರ ಸಿಡಿತಲೆಗಳಿವೆ. ನನಗೆ ಕ್ಷುದ್ರಗ್ರಹಕ್ಕಿಂತ ಇವುಗಳದ್ದೇ ಭಯ. ಆದರೆ ಇವನ್ನು ಮಾಡಿದವರು ನಾವು, ಕಡಿಮೆ ಮಾಡಬಲ್ಲವರೂ ನಾವೇ. ಶೀತಲ ಸಮರದ ಕಾಲದಲ್ಲಿ ಈ ಸಂಖ್ಯೆ 60,000 ದಾಟಿತ್ತು.

ಪ್ರಶ್ನೆ: ನಾವೂ ಅನ್ಯಲೋಕದವರಿಗೆ ಸಂದೇಶ ಕಳಿಸಿದ್ದೇವೆಯೇ?
*– ಓದುಗರು, ಮಸ್ಕಿ, ರಾಯಚೂರು ಜಿಲ್ಲೆ*

ಉತ್ತರ: ಕಳಿಸಿದ್ದೇವೆ, ಅದರಲ್ಲಿ ಕನ್ನಡವೂ ಇದೆ. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳಲ್ಲಿರುವ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡದ್ದೂ ಅವುಗಳಲ್ಲೊಂದು. ಸೂರಶ್ರೀ ಕೇಸರ್‌ಬಾಯಿ ಕೇರ್ಕರ್ ಅವರ ಗಾಯನವೂ ಇದೆ. ವಾಯೇಜರ್ 1 ಈಗ ಎಷ್ಟು ದೂರದಲ್ಲಿದೆ ಎಂದರೆ ಬೆಳಕು ಅಲ್ಲಿಗೆ ಮುಟ್ಟಲು ಹತ್ತಿರ ಹತ್ತಿರ ಒಂದು ದಿನ ಬೇಕು. ಇನ್ನೊಂದು ನಕ್ಷತ್ರದ ಸಮೀಪ ಹಾಯಲು ಅದಕ್ಕೆ ಸುಮಾರು 40,000 ವರ್ಷ ಹಿಡಿಯುತ್ತದೆ.

ಇಂಥ ವಿಷಯದಲ್ಲಿ ಆಸಕ್ತಿಯಿದ್ದರೆ ಪುಣೆ ಹತ್ತಿರದ ಖೋಡದ್‌ನಲ್ಲಿರುವ ಜಿಎಂಆರ್‌ಟಿ ಎಂಬ ದೊಡ್ಡ ರೇಡಿಯೋ ದೂರದರ್ಶಕವನ್ನು ನೋಡಿ ಬನ್ನಿ. ತಲಾ 45 ಮೀಟರ್ ಅಗಲದ 30 ಆಂಟೆನಾಗಳಿವೆ. ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಸಾರ್ವಜನಿಕರನ್ನೂ ಒಳಗೆ ಬಿಡುತ್ತಾರೆ. ಸಂಡೂರಿನ ಓದುಗರಿಗೂ ಇದೇ ನನ್ನ ಸಲಹೆ.