ಪೈಥಾನ್ 3.15 ಬರೋತನಕ ಪ್ರಾಜೆಕ್ಟ್ ತಡೀಬೇಕಾ? ಅದರಾಗ ಹೊಸದೇನೈತಿ?

ನೀವು ಕೇಳಿದ್ದು ಇಷ್ಟ: ವಿಂಡೋಸ್ ಲ್ಯಾಪ್‌ಟಾಪಿನ್ಯಾಗ ಪೈಥಾನ್ 3.12 ಐತಿ, ಬಿಸಿಎ ಕೊನೇ ವರ್ಷದ ಪ್ರಾಜೆಕ್ಟಿಗೆ ಬ್ಯಾಡಗಿ ಮೆಣಸಿನಕಾಯಿ ಲಾಟ್ ಲೆಕ್ಕದ ಪ್ರೋಗ್ರಾಂ ಮಾಡಾಕತ್ತೀರಿ, ರೈತರ ಹೆಸರು, ಊರು ಎಲ್ಲಾ ಕನ್ನಡದಾಗ ಸಿಎಸ್‌ವಿ ಫೈಲಿನ್ಯಾಗ ಅದಾವ, 3.15 ಬಂದಮ್ಯಾಲೆ ಶುರು ಮಾಡ್ಲೇನು ಅಂತ. ತಡೀಬ್ಯಾಡ್ರಿ, ಇದ್ದದ್ದರಾಗ ಶುರು ಮಾಡ್ರಿ. ಆದ್ರ 3.15ರಾಗ ಬರೋ ಒಂದು ಬದಲಾವಣೆ ಐತಲ್ಲ, ಅದು ನಿಮ್ಮಂಥ ಕನ್ನಡ ಡೇಟಾ ಇಟ್ಕೊಂಡೋರಿಗೆ ಸೀದಾ ತಟ್ಟೂದು, ಅದನ್ನ ಈಗ್ಲೇ ತಿಳ್ಕೊಂಡು ಕೋಡ್ ಬರದ್ರ ಛಲೋ.

ಮೊದ್ಲು ತಾರೀಖಿನ ವಿಷಯ ಮುಗಿಸಿಬಿಡ್ತೀನಿ. 2020ರಾಗ 3.9 ಬಂದಾಗಿಂದ ಪ್ರತಿ ವರ್ಷ ಅಕ್ಟೋಬರ್‌ಗೆ ಒಂದು ವರ್ಷನ್ ಬಿಡೋ ಪದ್ಧತಿ ಮಾಡ್ಕೊಂಡಾರ. 3.14 ಬಂದದ್ದು 2025ರ ಅಕ್ಟೋಬರ್ 7ಕ್ಕ, 3.15ಕ್ಕ 2026ರ ಅಕ್ಟೋಬರ್ 1 ಅಂತ ಪ್ಲ್ಯಾನ್ ಇಟ್ಟಾರ. ಅದಕ್ಕೂ ಮೊದ್ಲು ಮೇ ತಿಂಗಳಾಗ ಬೀಟಾ, ಬೀಟಾ ಬಂತಂದ್ರ ಹೊಸ ಫೀಚರಿಗೆ ಬಾಗಿಲ ಬಂದ್, ಆಮ್ಯಾಲೆ ಬರೇ ಬಗ್ ತೆಗೆಯೋದು. ಒಂದೊಂದು ವರ್ಷನ್ನಿಗೂ ಒಟ್ಟು ಐದು ವರ್ಷ ಆಯುಷ್ಯ, ಅಂದ್ರ ನಿಮ್ಮ 3.12ಕ್ಕ 2028ರ ಅಕ್ಟೋಬರ್‌ತನಕ ಸೆಕ್ಯೂರಿಟಿ ಫಿಕ್ಸ್ ಬರ್ತಾವ, ಅಷ್ಟೊತ್ತಿಗೆ ನೀವು ಡಿಗ್ರಿ ಮುಗಿಸಿ ನೌಕರಿ ಮಾಡ್ತಿರ್ತೀರಿ. ಇನ್ನ ಕಾಲೇಜ್ ಲ್ಯಾಬಿನ್ಯಾಗ ವಿಂಡೋಸ್ 7 ಇದ್ರ ಈ ಚರ್ಚೆನ ಬ್ಯಾಡ, ಅಲ್ಲಿ 3.8ಕ್ಕಿಂತ ಮ್ಯಾಲಿಂದು ಇನ್‌ಸ್ಟಾಲ್ ಆಗಂಗಿಲ್ಲ, ವೈವಾಕ್ಕ ಸ್ವಂತ ಲ್ಯಾಪ್‌ಟಾಪ್ ಒಯ್ಯಾಕ ಪರ್ಮಿಶನ್ ತಗೋರಿ.

ಈಗ ಆ ಬದಲಾವಣೆ. ವಿಂಡೋಸಿನ್ಯಾಗ ಇಲ್ಲೀತನಕ ಪೈಥಾನಿನ ಓಪನ್ ಫಂಕ್ಷನ್ನಿಗೆ ಎನ್ಕೋಡಿಂಗ್ (ಅಕ್ಷರನ ಬೈಟ್ ಮಾಡಿ ಇಡೋ ಪದ್ಧತಿ) ಹೇಳ್ಲಿಲ್ಲಂದ್ರ ಅದು ಫೈಲನ್ನ ಯುಟಿಎಫ್-8, ಅಂದ್ರ ಎಲ್ಲಾ ಭಾಷಿಗೂ ನಡಿಯೋ ಎನ್ಕೋಡಿಂಗ್ ಅಂತ ತಿಳಿಯಂಗಿಲ್ಲ, ಸಿಸ್ಟಮಿನ ಹಳೇ ಕೋಡ್ ಪೇಜ್ (ಕೆಲವೇ ಭಾಷಿಗೆ ಮಾಡಿದ ಅಕ್ಷರದ ಪಟ್ಟಿ) ತಗೊಂತೈತಿ, ನಮ್ಮ ಕಡೆ ಮಾಮೂಲಿ ಇಂಗ್ಲಿಷ್ ವಿಂಡೋಸಿನ್ಯಾಗ ಅದು ಸಿಪಿ1252, ಯುರೋಪಿನವರ ಅಕ್ಷರಕ್ಕ ಮಾಡಿದ್ದು. ಯುಟಿಎಫ್-8ರಾಗ ಕನ್ನಡದ ಒಂದೊಂದು ಕೋಡಿಗೆ ಮೂರು ಬೈಟ್. ಹಿಂಗಾಗಿ ನಿಮ್ಮ ಫೈಲಿನ್ಯಾಗ ಗದಗ ಅಂತಿದ್ರ ಅದು ಒಂಬತ್ತು ಚಿತ್ರವಿಚಿತ್ರ ಅಕ್ಷರ ಆಗಿ ಬರ್ತೈತಿ, ತಲಿ ಮ್ಯಾಲೆ ಗೀಟಿದ್ದ ಎ, ಮ್ಯಾಲಕ್ಕೇರಿದ ಸಣ್ಣ 2, ಆಮ್ಯಾಲೆ ಒಂದು ಅಡ್ಡ ಗೀಟು, ಮತ್ತ ಅದ ಎ. ಹಾವೇರಿ, ಧಾರವಾಡನೂ ಹಂಗ, ಎರರ್ ಏನೂ ಬರಂಗಿಲ್ಲ, ಸುಮ್ನ ಕಸ ಆಗಿ ಡೇಟಾದಾಗ ಕುಂದರ್ತಾವ. ಆದ್ರ ಹುಬ್ಬಳ್ಳಿ ಇಲ್ಲಾ ಬ್ಯಾಡಗಿ ಬಂತಂದ್ರ ಪ್ರೋಗ್ರಾಂ ಅಲ್ಲೇ ನಿಂತು ಯುನಿಕೋಡ್ ಡಿಕೋಡ್ ಎರರ್ ಅಂತೈತಿ. ಯಾಕಂದ್ರ ಉ ಕಾರದ ಕೊಂಬಿನ ಕೊನೇ ಬೈಟ್ ಹೆಕ್ಸ್ ಲೆಕ್ಕದಾಗ 81, ಒತ್ತಕ್ಷರ ಮಾಡೋ ಹಲಂತದ್ದು 8ಡಿ, ಇವೆರಡೂ ಜಾಗ ಸಿಪಿ1252ರಾಗ ಖಾಲಿ ಬಿಟ್ಟಾರ. ಸವಣೂರು ಅಂತ ಬರದ್ರ ಎರರ್, ಕೊಂಬು ಬಿಟ್ಟು ನಮ್ಮ ಮಾತಿನ್ಯಾಗ ಸವಣೂರ ಅಂತ ಬರದ್ರ ಎರರ್ ಇಲ್ಲ, ಬರೇ ಕಸ! ನಾನು ಅಡತಿ ಅಂಗಡಿಗಳಿಗೆ ಸಣ್ಣಪುಟ್ಟ ಸ್ಕ್ರಿಪ್ಟ್ ಮಾಡಿಕೊಡ್ತೀನಿ, ಅಲ್ಲಿ ಎರರ್ ಮೆಸೇಜಿನ್ಯಾಗ 81 ಕಂಡ್ರ ಕೊಂಬು, 8ಡಿ ಕಂಡ್ರ ಒತ್ತು ಅಂತ ನೋಡಿದ ಕೂಡ್ಲೇ ಗೊತ್ತಾಗ್ತೈತಿ. ಲಿನಕ್ಸ್, ಮ್ಯಾಕ್ ಮ್ಯಾಲೆ ಕಲಸೋ ಮಾಸ್ತರಿಗೆ ಈ ತ್ರಾಸ ಕಾಣ್ಸಂಗಿಲ್ಲ, ಅಲ್ಲಿ ಮೊದ್ಲಿಂದನ ಯುಟಿಎಫ್-8. ಪಾಂಡಾಸ್ ಅನ್ನೋ ಡೇಟಾ ಲೈಬ್ರರಿಯ ರೀಡ್ ಸಿಎಸ್‌ವಿ ಸುದ್ದಾ ತಾನ ಯುಟಿಎಫ್-8 ತಗೊಂತೈತಿ, ಅದಕ್ಕ ಪಾಂಡಾಸಿನ್ಯಾಗ ಛಲೋ ಓದಿದ ಫೈಲ್ ಓಪನ್ ಹಾಕಿದ್ರ ಯಾಕ ಕೆಡ್ತು ಅಂತ ಹುಡುಗ್ರು ತಲಿ ಕೆರ್ಕೋತಾರ.

3.15ರಿಂದ ವಿಂಡೋಸ್ ಇರ್ಲಿ ಏನರ ಇರ್ಲಿ, ಡಿಫಾಲ್ಟ್ ಯುಟಿಎಫ್-8. ಪೆಪ್ 686 (ಪೆಪ್ ಅಂದ್ರ ಪೈಥಾನ್ ಬದಲಾವಣೆಯ ಪ್ರಸ್ತಾವ) ಅಂತ ಹುಡುಕ್ರಿ, ಸಿಗ್ತೈತಿ. ನನ್ನ ಕೇಳಿದ್ರ ನಮಗ ಇದು ಉಳಿದ ಎಲ್ಲಾ ಫೀಚರಿಗಿಂತ ದೊಡ್ಡದು.

ಆದ್ರ ಇದರಾಗ ಒಂದು ಉಲ್ಟಾನೂ ಐತಿ. ಎಪಿಎಂಸಿ ಕಡೆಯಿಂದ ಇಲ್ಲಾ ಯಾವುದರ ಹಳೇ ಆಫೀಸಿಂದ ಪಟ್ಟಿ ತಂದ್ರಿ ಅಂದ್ರ ಅದು ಹಳೇ ನುಡಿ ಫಾಂಟಿನ್ಯಾಗ ಟೈಪ್ ಮಾಡಿದ್ದಿರಬಹುದು. ಅದು ಯುನಿಕೋಡ್ ಕನ್ನಡ ಅಲ್ಲ, ಯುರೋಪಿನ ಅಕ್ಷರಕ್ಕ ಕನ್ನಡದ ಆಕಾರ ಕೂಡ್ಸಿದ್ದು. ಅಂಥ ಟೆಕ್ಸ್ಟ್ ಫೈಲ್ ಇವತ್ತು ಎನ್ಕೋಡಿಂಗ್ ಹೇಳದನ ಓದಿದ್ರೂ ನಡೀತೈತಿ, 3.15ರಾಗ ಅದ ಕೋಡ್ ಎರರ್ ಕೊಡ್ತೈತಿ. ಅಂಥದ್ದಕ್ಕ ಸಿಪಿ1252 ಅಂತ ಬಾಯಿಬಿಟ್ಟು ಹೇಳಿ ಓದ್ರಿ, ಆಮ್ಯಾಲೆ ಯುನಿಕೋಡಿಗೆ ಕನ್ವರ್ಟ್ ಮಾಡ್ರಿ. ಎಕ್ಸೆಲ್‌ದು ಬ್ಯಾರೆ ಕಥಿ, ಅದು ಯುಟಿಎಫ್-8 ಸಿಎಸ್‌ವಿ ಸೇವ್ ಮಾಡುವಾಗ ಫೈಲಿನ ಶುರುವಿನ್ಯಾಗ ಕಣ್ಣಿಗೆ ಕಾಣದ ಒಂದು ಗುರುತು ಹಾಕ್ತೈತಿ, ಹಿಂಗಾಗಿ ಮೊದಲ್ನೇ ಕಾಲಮ್ಮಿನ ಹೆಸರು ಮ್ಯಾಚ್ ಆಗಂಗಿಲ್ಲ. ಯುಟಿಎಫ್-8-ಸಿಗ್ ಅಂತ ಕೊಟ್ಟು ಓದಿದ್ರ ಆ ಗುರುತು ಹೋಗ್ತೈತಿ, ಇದು 3.15 ಬಂದ್ರೂ ಬದಲಾಗಂಗಿಲ್ಲ.

ಉಳಿದ ಫೀಚರಿನ್ಯಾಗ ಲೇಝಿ ಇಂಪೋರ್ಟ್ ನನಗ ಸೇರಿದ್ದು. ಇಂಪೋರ್ಟ್ ಅನ್ನೋದಕ್ಕಿಂತ ಮೊದ್ಲು ಲೇಝಿ ಅಂತ ಹಚ್ಚಿದ್ರ ಆ ಲೈಬ್ರರಿ ಖರೇನ ಬೇಕಾದಾಗ ಲೋಡ್ ಆಗ್ತೈತಿ, ಬರೇ ಒಂದು ಲಾಟಿನ ರೇಟ್ ನೋಡಾಕ ಪ್ರೋಗ್ರಾಂ ತಗದ್ರ ಗ್ರಾಫ್ ಹಾಕೋ ಲೈಬ್ರರಿ ಎಲ್ಲಾ ಲೋಡ್ ಆಗೋತನಕ ಕುಂದರೋದು ತಪ್ಪತೈತಿ. ಪ್ರೋಗ್ರಾಂ ಎಲ್ಲಿ ನಿಧಾನ ಆಗೈತಿ ಅಂತ ನೋಡಾಕ ಹೊಸ ಪ್ರೊಫೈಲರ್ರೂ ಬರಾಕತ್ತೈತಿ, ಓಡೋ ಪ್ರೋಗ್ರಾಂ ನಿಲ್ಲಸದನ ಅದಕ್ಕ ಹಚ್ಚಬಹುದು. ಜಿಐಎಲ್ (ಒಮ್ಮೆಗೆ ಒಂದ ಥ್ರೆಡ್ ಓಡಸೋ ಬೀಗ) ಇಲ್ಲದ ಪೈಥಾನ್ ಅಂತ ಎಲ್ಲಾ ಕಡೆ ಗದ್ದಲ ಐತಲ್ಲ, ಅದು 3.13ರಾಗ ಪ್ರಯೋಗ ಅಂತ ಬಂತು, 3.14ರಾಗ ಅಧಿಕೃತ ಸಪೋರ್ಟ್ ಸಿಕ್ತು, ಆದ್ರೂ ಅದು ಬ್ಯಾರೆ ಬಿಲ್ಡ್, ನೀವಾಗೇ ಆರಿಸಿ ಹಾಕ್ಕೋಬೇಕು. ಲಾಟ್ ಲೆಕ್ಕಕ್ಕ ಅದರ ಗೊಡವಿ ಬ್ಯಾಡ.

ಇನ್ನ ಅಕ್ಟೋಬರ್‌ಗೆ 3.15 ಬಂತಂತ ಅವತ್ತ ಹಾಕ್ಕೊಂಡು ಕುಂದರಬ್ಯಾಡ್ರಿ, ನೀವು ಬಳಸೋ ಲೈಬ್ರರಿಗಳು ಹೊಸದಕ್ಕ ರೆಡಿ ಫೈಲ್ ಬಿಟ್ಟಾವೋ ಇಲ್ಲೋ ನೋಡ್ರಿ, ಇಲ್ಲಂದ್ರ ಲೈಬ್ರರಿ ಇನ್‌ಸ್ಟಾಲ್ ಮಾಡೋ ಪಿಪ್ ನಿಮ್ಮ ಲ್ಯಾಪ್‌ಟಾಪಿನ್ಯಾಗನ ಕಂಪೈಲ್ ಮಾಡಾಕ ಹೋಗಿ ಉದ್ದಾನ್ನ ಕೆಂಪು ಎರರ್ ಚೆಲ್ತೈತಿ.

ಈಗ ಮಾಡೋದು ಇಷ್ಟ: ಪ್ರತಿ ಓಪನ್ನಿನ್ಯಾಗ ಎನ್ಕೋಡಿಂಗ್ ಬರೀರಿ, ನಿಮ್ಮ ಫೈಲಿಗೆ ಯುಟಿಎಫ್-8, ಎಕ್ಸೆಲ್ಲಿಂದ ಬಂದದ್ದಕ್ಕ ಸಿಗ್ ಹಚ್ಚಿದ್ದು. ಎಲ್ಲೆರ ಬಿಟ್ಟೀರೋ ಅಂತ ಹುಡುಕಾಕ 3.12ರಾಗನ ಒಂದು ಆಪ್ಶನ್ ಐತಿ, ಪೈಥಾನ್ ಅಂತ ಬರದ ಮ್ಯಾಲೆ ಒಂದು ಅಡ್ಡಗೆರಿ, ದೊಡ್ಡ ಎಕ್ಸ್, ಆಮ್ಯಾಲೆ ಸ್ಪೇಸ್ ಬಿಟ್ಟು ವಾರ್ನ್, ಡಿಫಾಲ್ಟ್, ಎನ್ಕೋಡಿಂಗ್, ಈ ಮೂರರ ನಡುವ ಅಂಡರ್‌ಸ್ಕೋರ್ ಹಾಕಿ ಪ್ರೋಗ್ರಾಂ ಓಡಸ್ರಿ, ಬಿಟ್ಟಿದ್ದ ಲೈನಿಗೆಲ್ಲಾ ವಾರ್ನಿಂಗ್ ಕೊಡ್ತೈತಿ. ಅದ ದೊಡ್ಡ ಎಕ್ಸ್ ಆದಮ್ಯಾಲೆ ಯುಟಿಎಫ್8 ಅಂತ ಕೊಟ್ರ 3.15ರ ನಡಾವಳಿನ ಇವತ್ತ ನೋಡಬಹುದು, ನುಡಿ ಫೈಲ್ ಇದ್ರ ಅದನ್ನ ಹಾಕಿ ಒಮ್ಮೆ ಓಡಿಸಿ ನೋಡ್ರಿ, ಎಲ್ಲಿ ಒಡೀತು ಅಂತ ಕಮೆಂಟಿನ್ಯಾಗ ಹಾಕ್ರಿ, ನೋಡಿ ಹೇಳ್ತೀನಿ.